ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು? ಲೆಕ್ಕ ಹಾಕುವ ದಾರಿಗಳಲ್ಲಿ ನಿಮಗೆ ಯಾವುದು ಸರಿ

ತೂಕ ಇಳಿಸಬೇಕು ಎಂದುಕೊಂಡವರೂ, ಸ್ವಲ್ಪ ಮೈ ಹಿಡಿಯಬೇಕು ಎಂದುಕೊಂಡವರೂ ಮೊದಲು ಕೇಳುವುದು ಒಂದೇ ಪ್ರಶ್ನೆ. ನನ್ನ ಮೈಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು? ಒಂದು ಆ್ಯಪ್ 1,460 ಎನ್ನುತ್ತದೆ. ಇನ್ನೊಂದು 2,100 ಎನ್ನುತ್ತದೆ. ಕೈಯಲ್ಲಿರುವ ಸ್ಮಾರ್ಟ್ ವಾಚ್ ಮತ್ತೇನೋ ತೋರಿಸುತ್ತದೆ. ಜಿಮ್‌ನಲ್ಲಿ ಮೆಷಿನ್ ಮೇಲೆ ನಿಲ್ಲಿಸಿ ಕೊಡುವ ಚೀಟಿಯಲ್ಲಿ ಬೇರೆಯೇ ಸಂಖ್ಯೆ ಇರುತ್ತದೆ. ವಯಸ್ಸು, ಎತ್ತರ, ತೂಕ ಎಲ್ಲವೂ ಅದೇ. ಹಾಗಾದರೆ ಯಾವುದನ್ನು ನಂಬಬೇಕು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಸೂತ್ರ ಒಳ್ಳೆಯದು ಎಂದು ಜನ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಲೆಕ್ಕ ನಿಜವಾಗಿ ತಪ್ಪುವುದು ಅಲ್ಲಲ್ಲ. ದಿನವಿಡೀ ಎಷ್ಟು ಓಡಾಡುತ್ತೇವೆ ಎಂದು ಹಾಕುವ ಅಂದಾಜಿನಲ್ಲಿ. ಅದನ್ನು ಸರಿಮಾಡಿಕೊಂಡರೆ ಸೂತ್ರ ಯಾವುದಾದರೂ ಹೆಚ್ಚು ನಷ್ಟವಿಲ್ಲ. ಕೊನೆಯ ತೀರ್ಪನ್ನು ನಿಮ್ಮ ಮನೆಯ ತೂಕದ ಮೆಷಿನ್‌ಗೇ ಬಿಡಬೇಕು.

ಈ ಬರಹದಲ್ಲಿ ಕ್ಯಾಲೊರಿ ಎಂದರೆ ಕಿಲೋಕ್ಯಾಲೊರಿ. ಬಿಸ್ಕತ್ತು ಪ್ಯಾಕೆಟ್ ಮೇಲೆ ಅಚ್ಚಾಗಿರುವುದೂ ಅದೇ.

ಆ ಸಂಖ್ಯೆಯ ಒಳಗೆ ಏನೇನಿದೆ

ದಿನದ ಖರ್ಚಿನಲ್ಲಿ ಮೂರು ಪಾಲು. ಸುಮ್ನೆ ಮಲಗಿದ್ದರೂ ಆಗುವ ಖರ್ಚು ಮೊದಲನೆಯದು. ಉಸಿರಾಟ, ಎದೆಬಡಿತ, ಮೈಬಿಸಿ, ಮಿದುಳಿನ ಕೆಲಸ ಎಲ್ಲ ಇದರಲ್ಲಿ ಬರುತ್ತವೆ. ಇದನ್ನೇ ಬಿಎಂಆರ್ ಎನ್ನುತ್ತಾರೆ. ಕೂತು ಕೆಲಸ ಮಾಡುವವರಲ್ಲಿ ದಿನದ ಖರ್ಚಿನ ಶೇಕಡಾ 60ರಿಂದ 70 ಇದೇ ಇರುತ್ತದೆ. ತಿಂದದ್ದನ್ನು ಅರಗಿಸಿಕೊಳ್ಳಲು ಸುಮಾರು ಶೇಕಡಾ 10 ಹೋಗುತ್ತದೆ. ಉಳಿದದ್ದು ಓಡಾಟ, ಮನೆಗೆಲಸ, ವ್ಯಾಯಾಮಕ್ಕೆ.

ಮಲಗಿದಾಗಿನ ಖರ್ಚು ಎಲ್ಲಿ ಆಗುತ್ತದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಮಿದುಳು, ಪಿತ್ತಜನಕಾಂಗ, ಹೃದಯ, ಮೂತ್ರಪಿಂಡ ಇಷ್ಟೂ ಸೇರಿದರೂ ಮೈತೂಕದ ಶೇಕಡಾ 6ರ ಆಸುಪಾಸು. ಆದರೆ ವಿಶ್ರಾಂತಿಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇವುಗಳದ್ದೇ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸುತ್ತದೆ. ಒಂದು ಕಿಲೋ ಕೊಬ್ಬು 4.5ರಷ್ಟು. ‘ಸ್ನಾಯು ಬೆಳೆಸಿ, ಮಲಗಿದ್ದರೂ ಕೊಬ್ಬು ಕರಗುತ್ತದೆ’ ಎನ್ನುವವರ ಮಾತನ್ನು ಈ ಅಳತೆಯಲ್ಲಿ ನೋಡಿ. ಕಷ್ಟಪಟ್ಟು 2 ಕಿಲೋ ಸ್ನಾಯು ಬೆಳೆಸಿದರೆ ಮಲಗಿದಾಗಿನ ಖರ್ಚು ಏರುವುದು 26 ಕ್ಯಾಲೊರಿ. ಸ್ನಾಯು ಬೆಳೆಸಲು ಬೇರೆ ಒಳ್ಳೆಯ ಕಾರಣಗಳು ಬೇಕಾದಷ್ಟಿವೆ. ಇದು ಮಾತ್ರ ಅದರಲ್ಲಿ ದೊಡ್ಡದಲ್ಲ.

ವಯಸ್ಸಿನ ಬಗ್ಗೆಯೂ ಒಂದು ತಪ್ಪು ನಂಬಿಕೆ ಬೇರೂರಿದೆ. ಮೂವತ್ತು ದಾಟಿದ ಮೇಲೆ ಮೈ ಖರ್ಚು ಮಾಡುವುದೇ ನಿಂತುಹೋಯಿತು ಎಂದು ಎಷ್ಟೋ ಜನ ಹೇಳುತ್ತಾರೆ ಅಲ್ವಾ? 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟಿಗೆ ನೋಡಿದ್ದರು. ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೆ. ಮೈಯ ಗಾತ್ರವನ್ನೂ ಕೊಬ್ಬನ್ನೂ ಲೆಕ್ಕಕ್ಕೆ ಹಿಡಿದರೆ, 20ರಿಂದ 60ರವರೆಗೆ ಖರ್ಚು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ ಎಂದು ಅದರಲ್ಲಿ ಕಂಡುಬಂತು. ಇಳಿಯಲು ಶುರುವಾಗುವುದು 60ರ ನಂತರ, ಅದೂ ವರ್ಷಕ್ಕೆ ಸುಮಾರು ಶೇಕಡಾ 0.7ರಂತೆ. ನಲವತ್ತರಲ್ಲಿ ಹೊಟ್ಟೆ ಬಂದಿದ್ದರೆ ಕಾರಣವನ್ನು ವಯಸ್ಸಿನಲ್ಲಿ ಹುಡುಕುವ ಮೊದಲು ತಟ್ಟೆಯಲ್ಲೂ ಕುರ್ಚಿಯಲ್ಲೂ ಹುಡುಕಿ.

ಸೂತ್ರಗಳು: ಒಬ್ಬರೇ ಹೆಂಗಸು, ನಾಲ್ಕು ಉತ್ತರ

ಒಂದು ಉದಾಹರಣೆ ಇಟ್ಟುಕೊಳ್ಳೋಣ. 42 ವರ್ಷದ ಹೆಂಗಸು. ಎತ್ತರ 155 ಸೆಂಟಿಮೀಟರ್, ತೂಕ 62 ಕಿಲೋ. ಬ್ಯಾಂಕಿನಲ್ಲಿ ಕೆಲಸ, ಮನೆಯ ಅಡುಗೆಯೂ ಅವರದ್ದೇ.

ಹಳೆಯದು ಹ್ಯಾರಿಸ್ ಮತ್ತು ಬೆನೆಡಿಕ್ಟ್ ಅವರ ಸೂತ್ರ. 1919ರಷ್ಟು ಹಿಂದಿನದು, ಅಮೆರಿಕದ ಬಾಸ್ಟನ್ನಿನ ಪ್ರಯೋಗಾಲಯದ್ದು. 136 ಗಂಡಸರು, 103 ಹೆಂಗಸರ ಅಳತೆಯಿಂದ ಹುಟ್ಟಿದ್ದು. ಇದರ ಪ್ರಕಾರ ನಮ್ಮ ಉದಾಹರಣೆಯ ಹೆಂಗಸಿನ ಬಿಎಂಆರ್ 1,338. ಈಗಲೂ ಎಷ್ಟೋ ಕ್ಯಾಲ್ಕುಲೇಟರ್‌ಗಳ ಒಳಗೆ ಇದೇ ಕೂತಿದೆ.

1990ರಲ್ಲಿ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಬಂತು. ಇದೂ ಅಮೆರಿಕದ್ದೇ, 498 ಜನರ ಅಳತೆಯಿಂದ ಬಂದದ್ದು. ಲೆಕ್ಕ ಸುಲಭ:

ತೂಕ × 10, ಅದಕ್ಕೆ ಎತ್ತರ × 6.25 ಸೇರಿಸಿ, ವಯಸ್ಸು × 5 ಕಳೆಯಿರಿ. ಗಂಡಸರು ಕೊನೆಗೆ 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು.

ನಮ್ಮ ಉದಾಹರಣೆಗೆ 620 + 969 − 210 − 161. ಉತ್ತರ 1,218. ಹಳೆಯದಕ್ಕಿಂತ 120 ಕಡಿಮೆ.

ಮೂರನೆಯದು ಶೋಫೀಲ್ಡ್ ಸೂತ್ರ, 1985ರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಗಳಿಗೆ ಬುನಾದಿಯಾದದ್ದು ಇದೇ. ಇದಕ್ಕೆ ಎತ್ತರ ಬೇಡ, ತೂಕವೊಂದೇ ಸಾಕು. 30ರಿಂದ 60 ವರ್ಷದ ಹೆಂಗಸರಿಗೆ ತೂಕ × 8.126, ಅದಕ್ಕೆ 845.6 ಕೂಡಿಸಬೇಕು. ಅದೇ ವಯಸ್ಸಿನ ಗಂಡಸರಿಗೆ ತೂಕ × 11.472, ಅದಕ್ಕೆ 873.1. ನಮ್ಮ ಹೆಂಗಸಿಗೆ 1,349 ಬರುತ್ತದೆ, ಎಲ್ಲಕ್ಕಿಂತ ಜಾಸ್ತಿ.

ಇದು ಯಾಕೆ ಜಾಸ್ತಿ? ಆ ಸೂತ್ರಕ್ಕೆ ಬಳಸಿದ 7,173 ಅಳತೆಗಳಲ್ಲಿ 3,388 ಇಟಲಿಯವರದ್ದು. ಅವರಲ್ಲಿ ಸೈನಿಕರು, ಪೊಲೀಸರು, ಕೂಲಿ ಕೆಲಸದವರು ಬಹಳ. ಗಟ್ಟಿಮುಟ್ಟಾದ ಮೈಕಟ್ಟಿನವರ ಅಳತೆಯಿಂದ ಬಂದ ಸೂತ್ರ ನಮ್ಮ ಮೈಗೆ ಸ್ವಲ್ಪ ಹೆಚ್ಚೇ ಹೇಳುತ್ತದೆ. 2005ರಲ್ಲಿ ಜೆಯಾ ಹೆನ್ರಿ ಎಂಬ ವಿಜ್ಞಾನಿ ಆ ಇಟಲಿಯ ಅಳತೆಗಳನ್ನು ಬಿಟ್ಟು, ಉಷ್ಣವಲಯದ ದೇಶಗಳ ಜನರ ಅಳತೆಗಳನ್ನು ಹೆಚ್ಚು ಸೇರಿಸಿ ಹೊಸ ಸೂತ್ರಗಳನ್ನು ಕಟ್ಟಿದರು.

ಇಲ್ಲಿ ನಮ್ಮ ಬೆಂಗಳೂರಿನ ಕೆಲಸವನ್ನು ನೆನೆಯಲೇಬೇಕು. ‘ಭಾರತೀಯರ ಮೈ ಹುಟ್ಟಿನಿಂದಲೇ ನಿಧಾನವಾಗಿ ಉರಿಯುತ್ತದೆ’ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್, ಅನುರಾ ಕುರ್ಪಾಡ್ ಮೊದಲಾದವರು ವರ್ಷಗಟ್ಟಲೆ ಬಿಎಂಆರ್ ಅಳೆದರು. 1998ರಲ್ಲಿ ಸೋರೆಸ್, ಶೆಟ್ಟಿ ಮತ್ತು ಜೊತೆಗಾರರು ಭಾರತದ ಮತ್ತು ಆಸ್ಟ್ರೇಲಿಯಾದ ಜನರ ಅಳತೆಗಳನ್ನು ಎದುರೆದುರು ಇಟ್ಟು ನೋಡಿದರು. ಕೊಬ್ಬನ್ನು ಬಿಟ್ಟು ಉಳಿದ ಮೈತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಜನಾಂಗದ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ 62 ಕಿಲೋ ತೂಗುವ ಇಬ್ಬರಲ್ಲಿ ನಮ್ಮವರಿಗೆ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ ಇರುವುದು ಸಾಮಾನ್ಯ. ಅದಕ್ಕೇ ಖರ್ಚು ಕಡಿಮೆ. ರಕ್ತದಲ್ಲೇ ಏನೋ ಬೇರೆ ಇದೆ ಎಂದಲ್ಲ. ಈ ತಿಳಿವು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬದಲಾಯಿಸಲು ಆಗದ ಹಣೆಬರಹ ಇದಲ್ಲ ಎಂದು ಅದು ಹೇಳುತ್ತದೆ.

ಹಾಗಾದರೆ ನಮಗೆ ಹೊಂದುವ ಸಂಖ್ಯೆ ಯಾವುದು? ಶೋಫೀಲ್ಡ್ ಉತ್ತರದಲ್ಲಿ ಶೇಕಡಾ 10 ಕಳೆದುಬಿಡಿ. ನಮ್ಮ ಹೆಂಗಸಿಗೆ 1,349 ಹೋಗಿ 1,214 ಆಗುತ್ತದೆ. ಮಿಫ್ಲಿನ್ ಕೊಟ್ಟದ್ದು 1,218. ಎರಡೂ ಒಂದೇ ಕಡೆ ಬಂದು ನಿಂತವು. ಎಲ್ಲರಿಗೂ ಇಷ್ಟು ಚೆನ್ನಾಗಿ ಕೂಡಿಬರುವುದಿಲ್ಲ. 34 ವರ್ಷದ, 170 ಸೆಂಟಿಮೀಟರ್ ಎತ್ತರದ, 72 ಕಿಲೋ ತೂಕದ ಗಂಡಸಿಗೆ ಮಿಫ್ಲಿನ್ 1,618 ಎನ್ನುತ್ತದೆ, ಹತ್ತು ಕಳೆದ ಶೋಫೀಲ್ಡ್ 1,529 ಎನ್ನುತ್ತದೆ. ನಡುವಿನ ಸಂಖ್ಯೆ ಹಿಡಿದುಕೊಂಡರೆ ಸಾಕು.

ಮೈಕೊಬ್ಬಿನ ಪ್ರಮಾಣ ಗೊತ್ತಿರುವವರಿಗೆ ಇನ್ನೊಂದು ಸೂತ್ರವಿದೆ, ಕ್ಯಾಚ್–ಮೆಕಾರ್ಡಲ್. ಕೊಬ್ಬು ಬಿಟ್ಟು ಉಳಿದ ತೂಕ × 21.6, ಅದಕ್ಕೆ 370. ವರ್ಷಗಟ್ಟಲೆ ಭಾರ ಎತ್ತಿ ಸ್ನಾಯು ಬೆಳೆಸಿದವರಿಗೆ ಇದೇ ಸರಿ, ಬೇರೆ ಸೂತ್ರಗಳು ಅವರಿಗೆ ಕಡಿಮೆ ತೋರಿಸುತ್ತವೆ. ಆದರೆ ಕೊಬ್ಬಿನ ಅಳತೆ ಸರಿಯಾಗಿರಬೇಕು. ನಮ್ಮ ಹೆಂಗಸಿಗೆ ಕೊಬ್ಬು ಶೇಕಡಾ 36 ಎಂದರೆ ಉತ್ತರ 1,227. 30 ಎಂದರೆ 1,307. ಎಕ್ಸ್‌-ರೇಯಿಂದ ಮೈಕೊಬ್ಬು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದರೆ ಈ ಸೂತ್ರ ಬಳಸಿ. ಕನ್ನಡಿ ನೋಡಿ ಅಂದಾಜು ಮಾಡಿದ್ದರೆ ಬೇಡ.

ನನ್ನ ಆಯ್ಕೆ: ಸಾಮಾನ್ಯ ಓದುಗರಿಗೆ ಮಿಫ್ಲಿನ್. ಹ್ಯಾರಿಸ್–ಬೆನೆಡಿಕ್ಟ್ ಸೂತ್ರವನ್ನು ಇನ್ನು ಬಿಡಬಹುದು.

ಲೆಕ್ಕ ಹಳಿ ತಪ್ಪುವ ಜಾಗ

ಸೂತ್ರಗಳ ನಡುವಿನ ಅಂತರ ಎಷ್ಟಿತ್ತು? 1,214ರಿಂದ 1,349. ಅಂದರೆ 135 ಕ್ಯಾಲೊರಿ. ಈಗ ಮುಂದಿನ ಹೆಜ್ಜೆ ನೋಡಿ. ಬಿಎಂಆರ್ ಅನ್ನು ಓಡಾಟಕ್ಕೆ ತಕ್ಕ ಸಂಖ್ಯೆಯಿಂದ ಗುಣಿಸಬೇಕು. ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಇರುವ ಸಂಖ್ಯೆಗಳು 1.2, 1.375, 1.55, 1.725, 1.9. ‘ಕೂತು ಕೆಲಸ’, ‘ಸ್ವಲ್ಪ ಚಟುವಟಿಕೆ’, ‘ಮಧ್ಯಮ’, ‘ಜಾಸ್ತಿ’ ಹೀಗೆ ಹೆಸರು ಕೊಟ್ಟಿರುತ್ತಾರೆ.

1,218 ಅನ್ನು 1.2ರಿಂದ ಗುಣಿಸಿದರೆ 1,460. 1.725ರಿಂದ ಗುಣಿಸಿದರೆ 2,100. ಮೊದಲು ಹೇಳಿದ ಎರಡು ಆ್ಯಪ್‌ಗಳ ಉತ್ತರ ಇವೇ. ಸೂತ್ರ ಒಂದೇ, ಒತ್ತಿದ ಬಟನ್ ಬೇರೆ. ಒಂದು ಮೆಟ್ಟಿಲು ಆಚೀಚೆ ಆದರೂ 200 ಕ್ಯಾಲೊರಿ ವ್ಯತ್ಯಾಸ ಬರುತ್ತದೆ.

ಬೆಳಿಗ್ಗೆ ಮುಕ್ಕಾಲು ಗಂಟೆ ವಾಕ್ ಹೋಗುವವರು ‘ಮಧ್ಯಮ’ ಎಂದು ಒತ್ತುತ್ತಾರೆ. ಅವರ ತಪ್ಪೇನಿಲ್ಲ, ಪ್ರಶ್ನೆಯೇ ಹಾಗಿದೆ. ವ್ಯಾಯಾಮ ಎಷ್ಟು ಎಂದು ಅದು ಕೇಳುತ್ತದೆ. ಮಿಕ್ಕ ಇಪ್ಪತ್ತಮೂರು ಗಂಟೆ ಏನು ಮಾಡುತ್ತೀರಿ ಎಂದು ಕೇಳುವುದೇ ಇಲ್ಲ.

ಅದಕ್ಕೆ ನಾನು ಬೇರೆ ದಾರಿ ಹೇಳುತ್ತೇನೆ. ಒಂದು ದಿನದ 24 ಗಂಟೆಯನ್ನು ಕಾಗದದ ಮೇಲೆ ಹಂಚಿ. ಪ್ರತಿ ಕೆಲಸಕ್ಕೂ ಬಿಎಂಆರ್‌ನ ಎಷ್ಟು ಪಟ್ಟು ಖರ್ಚು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಪಟ್ಟಿ ಮಾಡಿದ್ದಾರೆ. ನಿದ್ದೆ 1. ಟಿವಿ, ಮೊಬೈಲು 1.4. ಕೂತು ಆಫೀಸು ಕೆಲಸ 1.5, ಊಟ 1.5. ಅಡುಗೆ 2.1. ಕಸ ಗುಡಿಸುವುದು, ಕೈಯಲ್ಲಿ ಪಾತ್ರೆ ಬಟ್ಟೆ ತೊಳೆಯುವುದು 2.3. ಸ್ನಾನ, ಬಟ್ಟೆ ಹಾಕಿಕೊಳ್ಳುವುದು 2.3. ಸಾಧಾರಣ ನಡಿಗೆ 3.2.

ನಮ್ಮ ಬ್ಯಾಂಕಿನ ಹೆಂಗಸಿನ ದಿನ ಹೀಗಿದೆ ಎನ್ನೋಣ. ನಿದ್ದೆ ಏಳೂವರೆ ಗಂಟೆ, ಅಡುಗೆ ಮೂರು, ಗುಡಿಸಿ ತೊಳೆಯುವುದು ಒಂದೂವರೆ, ಸ್ನಾನ ಮತ್ತು ತಯಾರಿ ಒಂದು, ಊಟ ತಿಂಡಿ ಒಂದು, ನಡಿಗೆ ಮುಕ್ಕಾಲು, ಬ್ಯಾಂಕಿನ ಕುರ್ಚಿ ಏಳು, ಟಿವಿ ಮೊಬೈಲು ಎರಡೂಕಾಲು. ಪ್ರತಿಯೊಂದನ್ನೂ ಅದರ ಸಂಖ್ಯೆಯಿಂದ ಗುಣಿಸಿ ಕೂಡಿದರೆ 37.1. ಅದನ್ನು 24ರಿಂದ ಭಾಗಿಸಿದರೆ ಸುಮಾರು 1.55. ದಿನದ ಖರ್ಚು ಹತ್ತಿರ ಹತ್ತಿರ 1,880 ಕ್ಯಾಲೊರಿ.

ಇಲ್ಲಿ ನಿಂತು ನೋಡಬೇಕಾದ ಸಂಗತಿ ಒಂದಿದೆ. ಆ ಮುಕ್ಕಾಲು ಗಂಟೆ ನಡಿಗೆಯನ್ನು ತೆಗೆದು ಆ ಹೊತ್ತು ಕುರ್ಚಿಯಲ್ಲಿ ಕೂರಿಸಿದರೆ 1.55 ಇಳಿದು 1.49 ಆಗುತ್ತದೆ. ವ್ಯತ್ಯಾಸ 65 ಕ್ಯಾಲೊರಿ. ಅಡುಗೆಯನ್ನೂ ಗುಡಿಸಿ ತೊಳೆಯುವ ಕೆಲಸವನ್ನೂ ತೆಗೆದು, ಆ ನಾಲ್ಕೂವರೆ ಗಂಟೆ ಕೂರಿಸಿದರೆ? ಸುಮಾರು 150 ಕ್ಯಾಲೊರಿ ಇಳಿಯುತ್ತದೆ. ‘ನೀವೇನು ವ್ಯಾಯಾಮ ಮಾಡಲ್ಲವಲ್ಲ’ ಎಂದು ಮನೆಯ ಹೆಂಗಸರಿಗೆ ಹೇಳುವವರು ಈ ಲೆಕ್ಕ ನೋಡಬೇಕು. ಯಾವ ಆ್ಯಪ್‌ನ ಬಟನ್ನಿನಲ್ಲೂ ಅವರ ಕೆಲಸಕ್ಕೆ ಜಾಗವಿಲ್ಲ. ಮನೆಗೆಲಸಕ್ಕೆ ಬೇರೆಯವರಿದ್ದು, ಆಫೀಸಿಗೆ ಕಾರಿನಲ್ಲಿ ಹೋಗಿ, ಸಂಜೆ ಒಂದು ಗಂಟೆ ಜಿಮ್ ಮಾಡುವವರ ಸಂಖ್ಯೆಯೂ ಸುಮಾರು ಇಷ್ಟೇ ಬರಬಹುದು.

ಹೊಲದ ಕೆಲಸದ ಮಾತೇ ಬೇರೆ. ಯಂತ್ರವಿಲ್ಲದೆ ನಾಟಿ, ಕಳೆ ಕೀಳುವ ಕೆಲಸಕ್ಕೆ ಅದೇ ಪಟ್ಟಿಯಲ್ಲಿ 4.1 ಇದೆ. ದಿನಕ್ಕೆ ಆರು ಗಂಟೆ ಅಂಥ ಕೆಲಸ ಮಾಡಿ, ನೀರು ಸೌದೆ ಹೊತ್ತು ತರುವವರ ಸರಾಸರಿ 2.25ಕ್ಕೆ ಏರುತ್ತದೆ. ಅದೇ ಮೈತೂಕದ ಕುರ್ಚಿ ಕೆಲಸದವರಿಗಿಂತ ಅವರಿಗೆ ಅರ್ಧದಷ್ಟು ಜಾಸ್ತಿ ಊಟ ಬೇಕು. ಗದ್ದೆಯಲ್ಲಿ ದುಡಿದವರ ಮಕ್ಕಳು ನಗರದ ಕುರ್ಚಿಗೆ ಬಂದು, ಅಪ್ಪ ಅಮ್ಮ ಉಂಡಷ್ಟೇ ಮುದ್ದೆ ಅನ್ನ ಉಂಡರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಈ ಎರಡು ಸಂಖ್ಯೆಗಳ ನಡುವೆ ಇದೆ.

ಐಸಿಎಂಆರ್ ಪಟ್ಟಿ

ಲೆಕ್ಕವೇ ಬೇಡ ಎನ್ನುವವರಿಗೆ ಸಿದ್ಧ ಪಟ್ಟಿಯಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಪಟ್ಟಿಯಲ್ಲಿ 65 ಕಿಲೋ ತೂಕದ ಗಂಡಸಿಗೆ ಕೂತು ಮಾಡುವ ಕೆಲಸವಿದ್ದರೆ 2,110, ಮಧ್ಯಮ ಕೆಲಸಕ್ಕೆ 2,710, ಮೈಮುರಿಯುವ ಕೆಲಸಕ್ಕೆ 3,470. 55 ಕಿಲೋ ಹೆಂಗಸಿಗೆ ಕ್ರಮವಾಗಿ 1,660, 2,130, 2,720. ಗರ್ಭಿಣಿಯರಿಗೆ ಇದರ ಮೇಲೆ 350. ಹಾಲೂಡಿಸುವ ತಾಯಂದಿರಿಗೆ ಮೊದಲ ಆರು ತಿಂಗಳು 600, ಆಮೇಲಿನ ಆರು ತಿಂಗಳು 520.

2010ರ ಪಟ್ಟಿಯಲ್ಲಿ ಕೂತು ಕೆಲಸ ಮಾಡುವ 55 ಕಿಲೋ ಹೆಂಗಸಿಗೆ 1,900 ಎಂದಿತ್ತು. ಹಳೆಯ ಚಾರ್ಟುಗಳಲ್ಲಿ ಇನ್ನೂ ಅದೇ ಇರುತ್ತದೆ, ವರ್ಷ ನೋಡಿಕೊಂಡು ಬಳಸಿ.

ಈ ಪಟ್ಟಿ ನಮ್ಮ ಮೈಕಟ್ಟಿಗೆ ತಕ್ಕಂತೆ ಮಾಡಿದ್ದು. ಅದು ದೊಡ್ಡ ಅನುಕೂಲ. ತೊಂದರೆ ಎಂದರೆ ಮೆಟ್ಟಿಲುಗಳು ಮೂರೇ. ಗುಣಿಸುವ ಸಂಖ್ಯೆ 1.4, ಆಮೇಲೆ ನೇರ 1.8, ಆಮೇಲೆ 2.3. ನಮ್ಮ ಉದಾಹರಣೆಯ ಹೆಂಗಸಿನ 1.55 ಇದರಲ್ಲಿ ಎಲ್ಲೂ ಕೂರುವುದಿಲ್ಲ. ನಗರದಲ್ಲಿರುವ ಬಹುಪಾಲು ಜನ 1.4 ಮತ್ತು 1.6ರ ನಡುವೆ ಇರುತ್ತಾರೆ ಎಂದು ನನ್ನ ಅಂದಾಜು. ಹಾಸ್ಟೆಲ್ಲಿನ ಅಡುಗೆಗೋ, ನೂರು ಜನರ ಕ್ಯಾಂಟೀನಿಗೋ ಸಾಮಾನು ಲೆಕ್ಕ ಹಾಕುವವರಿಗೆ ಈ ಪಟ್ಟಿ ಬಹಳ ಚೆನ್ನಾಗಿದೆ. ಒಬ್ಬರ ತೂಕ ಇಳಿಸಲು ಇದು ತೀರ ದಪ್ಪ ಅಳತೆ.

ಸ್ಮಾರ್ಟ್ ವಾಚ್ ಹೇಳುವುದು

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿ, ವಾಚುಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಎದೆಬಡಿತದಲ್ಲಿ ಆರು ಸಾಧನಗಳ ತಪ್ಪು ಶೇಕಡಾ 5ರ ಒಳಗಿತ್ತು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಾಧನವೂ ಸರಾಸರಿ ಶೇಕಡಾ 27 ತಪ್ಪಿತು. ತೀರ ಕೆಟ್ಟದ್ದು ಶೇಕಡಾ 93. ಅದಾದ ಮೇಲೆ ಸಾಧನಗಳು ಬದಲಾಗಿವೆ. ಆದರೂ ಎದೆಬಡಿತದಿಂದ ಕ್ಯಾಲೊರಿಗೆ ಹೋಗುವ ದಾರಿ ಅಂದಾಜಿನದ್ದೇ. ಕಾಫಿ ಕುಡಿದರೂ, ಬಿಸಿಲಿಗೆ ನಿಂತರೂ, ಸಿಟ್ಟು ಬಂದರೂ ಎದೆಬಡಿತ ಏರುತ್ತದೆ. ಕ್ಯಾಲೊರಿ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ.

ಇನ್ನೊಂದು ತೊಡಕು ಜನರಿಗೆ ಕಾಣುವುದೇ ಇಲ್ಲ. ನಮ್ಮ ಹೆಂಗಸು ಮುಕ್ಕಾಲು ಗಂಟೆ ಬಿರುಸಾಗಿ ನಡೆದರು. ವಾಚು 200 ಕ್ಯಾಲೊರಿ ಎಂದು ತೋರಿಸಿತು. ಆ 200ರಲ್ಲಿ ಅವರು ಮನೆಯಲ್ಲೇ ಕೂತಿದ್ದರೂ ಆಗುತ್ತಿದ್ದ ಖರ್ಚು ಸೇರಿದೆ. ಜೊತೆಗೆ, ಇಂಥ ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವ ಅಳತೆ ವಿಶ್ರಾಂತಿಯಲ್ಲಿ ಪ್ರತಿ ಕಿಲೋಗೆ ಗಂಟೆಗೆ 1 ಕ್ಯಾಲೊರಿ ಎಂದು ಹಿಡಿಯುತ್ತದೆ. ಅವರ ಮೈಯಲ್ಲಿ ಅದು 0.82 ಮಾತ್ರ. ಎರಡನ್ನೂ ಸರಿಪಡಿಸಿದರೆ ಆ ನಡಿಗೆಯಿಂದ ಹೆಚ್ಚುವರಿಯಾಗಿ ಖರ್ಚಾದದ್ದು 106ರ ಸುತ್ತಮುತ್ತ. ವಾಚು 200 ಎಂದಿತು ಎಂದು ಸಂಜೆ ಒಂದು ಪ್ಲೇಟ್ ಬಜ್ಜಿ ತಿಂದರೆ ಆ ದಿನದ ಲೆಕ್ಕ ತಲೆಕೆಳಗು.

ವಾಚು ಬೇಡ ಎಂದು ಹೇಳುತ್ತಿಲ್ಲ. ಕಳೆದ ವಾರ ದಿನಕ್ಕೆ 4,000 ಹೆಜ್ಜೆ, ಈ ವಾರ 7,000 ಎಂದು ತಿಳಿಯಲು ಅದು ಒಳ್ಳೆಯ ಸಾಧನ. ಅದರ ಕ್ಯಾಲೊರಿ ಪುಟವನ್ನು ಮಾತ್ರ ಊಟದ ಲೆಕ್ಕಕ್ಕೆ ತರಬೇಡಿ.

ಪ್ರಯೋಗಾಲಯ ಮತ್ತು ಜಿಮ್‌ನ ಚೀಟಿ

ಬಿಎಂಆರ್ ಅನ್ನು ನಿಜವಾಗಿ ಅಳೆಯುವ ಕ್ರಮವಿದೆ. 12 ಗಂಟೆ ಹಸಿದಿದ್ದು, ಬೆಳಿಗ್ಗೆ, ಹಿತವಾದ ಬಿಸಿಯಿರುವ ಕೋಣೆಯಲ್ಲಿ, ಎಚ್ಚರವಾಗಿ ಆದರೆ ಅಲುಗಾಡದೆ ಮಲಗಬೇಕು. ತಲೆಯ ಮೇಲೆ ಪಾರದರ್ಶಕ ಮುಚ್ಚಳ ಹಾಕಿ, ನೀವು ಎಳೆದುಕೊಳ್ಳುವ ಆಮ್ಲಜನಕ, ಬಿಡುವ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಅಳೆಯುತ್ತಾರೆ. ಅದರಿಂದ ಕ್ಯಾಲೊರಿ ಲೆಕ್ಕ ಬರುತ್ತದೆ. ಸಂಶೋಧನಾ ಕೇಂದ್ರಗಳಲ್ಲಿ, ಕೆಲವು ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲಿ, ಕ್ರೀಡಾ ಪ್ರಯೋಗಾಲಯಗಳಲ್ಲಿ ಈ ಯಂತ್ರ ಇರುತ್ತದೆ. ಬಹಳ ದಪ್ಪ ಇರುವವರಿಗೆ, ದೊಡ್ಡ ಕಾಯಿಲೆಯಿಂದ ಎದ್ದವರಿಗೆ, ಸೂತ್ರದ ಲೆಕ್ಕಕ್ಕೂ ತೂಕಕ್ಕೂ ಏನೂ ತಾಳೆಯಾಗದವರಿಗೆ ಇದು ಉಪಯೋಗ. ಉಳಿದವರಿಗೆ ಅಗತ್ಯವಿಲ್ಲ. ಯಾಕೆಂದರೆ ಇದು ಮಲಗಿದಾಗಿನ ಖರ್ಚನ್ನು ಮಾತ್ರ ಸರಿಯಾಗಿ ಹೇಳುತ್ತದೆ. ಓಡಾಟದ ಅಂದಾಜು ಮತ್ತೆ ನಿಮ್ಮದೇ.

ಜಿಮ್‌ನಲ್ಲಿ ಬರಿಗಾಲಲ್ಲಿ ನಿಂತು, ಕೈಯಲ್ಲಿ ಹಿಡಿ ಹಿಡಿದಾಗ ಬರುವ ಚೀಟಿ ಇದಲ್ಲ. ಆ ಮೆಷಿನ್ ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ಕೊಬ್ಬನ್ನು ಅಂದಾಜು ಮಾಡುತ್ತದೆ. ಆ ಅಂದಾಜನ್ನು ಮೇಲೆ ಹೇಳಿದಂಥ ಒಂದು ಸೂತ್ರಕ್ಕೆ ಹಾಕಿ ಬಿಎಂಆರ್ ಎಂದು ಅಚ್ಚು ಮಾಡುತ್ತದೆ. ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ನೀರು ಜಾಸ್ತಿ ಕುಡಿದಿದ್ದರೂ, ಊಟವಾಗಿದ್ದರೂ ಅದು ಬದಲಾಗುತ್ತದೆ. ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ.

ನಿಮ್ಮ ಮೈಯನ್ನೇ ಕೇಳುವ ದಾರಿ

ಎಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಇದನ್ನು. ಮೊದಲ ವಾರ ಬಿಟ್ಟು ನಾಲ್ಕು ವಾರ ಬೇಕು, ತಾಳ್ಮೆ ಬೇಕು. ಬೇರೆ ಏನೂ ಬೇಡ.

ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಒಂದೊಂದು ದಿನದ ಸಂಖ್ಯೆಗೆ ಬೆಲೆ ಕೊಡಬೇಡಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ತಿಂದಿದ್ದರೆ ಮರುದಿನ ನೀರಿನಿಂದಲೇ ಒಂದು ಕಿಲೋ ಏರಬಹುದು. ಏಳು ದಿನದ ಸರಾಸರಿ ತೆಗೆಯಿರಿ. ಮುಟ್ಟಿನ ದಿನಗಳ ಸುತ್ತ ತೂಕ ಏರಿಳಿಯುತ್ತದೆ, ಅದಕ್ಕೇ ಹೆಂಗಸರಿಗೆ ನಾಲ್ಕು ವಾರ ಎಂದದ್ದು. ಒಂದು ಚಕ್ರದ ಅದೇ ಹಂತವನ್ನು ಇನ್ನೊಂದರ ಅದೇ ಹಂತಕ್ಕೆ ಹೋಲಿಸಿ.

ಅದರ ಜೊತೆ ತಿಂದದ್ದನ್ನೂ ಬರೆಯಿರಿ. ಅಕ್ಕಿ, ರಾಗಿ ಹಿಟ್ಟು, ಬೇಳೆಯನ್ನು ಬೇಯಿಸುವ ಮೊದಲೇ ತೂಕ ಮಾಡುವುದು ಸುಲಭ. 100 ಗ್ರಾಂ ಅಕ್ಕಿಗೆ ಸುಮಾರು 356 ಕ್ಯಾಲೊರಿ, ರಾಗಿಗೆ 320. ನಮ್ಮ ಅಡುಗೆಯಲ್ಲಿ ಕೈತಪ್ಪುವುದು ಎಣ್ಣೆ. ಒಗ್ಗರಣೆಗೆ ಎಷ್ಟು, ದೋಸೆಗೆ ಎಷ್ಟು ಎಂದು ದಿನಾ ಅಳೆಯಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ಪ್ಯಾಕೆಟ್ ಲೆಕ್ಕ ಹಿಡಿಯಿರಿ. ಹೊಸ ಪ್ಯಾಕೆಟ್ ಒಡೆದ ದಿನಾಂಕ ಬರೆದಿಡಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಮುಗಿದರೆ ಒಬ್ಬರಿಗೆ ಒಂದು ಲೀಟರ್. ಅದು ದಿನಕ್ಕೆ ಸುಮಾರು 30 ಗ್ರಾಂ, 270 ಕ್ಯಾಲೊರಿ. ತುಪ್ಪ, ತೆಂಗಿನಕಾಯಿ, ಕಡಲೆಬೀಜದ ಚಟ್ನಿ ಇದಕ್ಕೆ ಸೇರಿಲ್ಲ.

ಮೊದಲ ವಾರವನ್ನು ಬಿಟ್ಟುಬಿಡಿ. ಊಟ ಬದಲಾಯಿಸಿದ ಕೂಡಲೇ ಇಳಿಯುವುದು ಹೆಚ್ಚಾಗಿ ನೀರು. ಆಮೇಲಿನ ನಾಲ್ಕು ವಾರದ ಲೆಕ್ಕ ಹಿಡಿಯಿರಿ. ಒಂದು ಕಿಲೋ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ನಮ್ಮ ಹೆಂಗಸು ದಿನಕ್ಕೆ ಸರಾಸರಿ 1,700 ತಿಂದು, 28 ದಿನದಲ್ಲಿ 400 ಗ್ರಾಂ ಇಳಿದರು ಎನ್ನಿ. 0.4 × 7,700 ಅಂದರೆ 3,080. ಅದನ್ನು 28ರಿಂದ ಭಾಗಿಸಿದರೆ 110. ಅವರ ದಿನದ ಖರ್ಚು 1,810. ಕಾಗದದ ಲೆಕ್ಕ 1,880 ಎಂದಿತ್ತು. 70 ಕ್ಯಾಲೊರಿ ವ್ಯತ್ಯಾಸ, ಅಷ್ಟು ಹತ್ತಿರ ಬಂದರೆ ಬಹಳ ಒಳ್ಳೆಯದು.

ಇದರಲ್ಲಿ ಇನ್ನೊಂದು ಗುಣವಿದೆ. ಜನ ತಿಂದದ್ದನ್ನು ಬರೆಯುವಾಗ ಕಡಿಮೆ ಬರೆಯುತ್ತಾರೆ, ಬೇಕೆಂದಲ್ಲ. ಕಾಫಿಯ ಸಕ್ಕರೆ, ಮಗು ಬಿಟ್ಟ ತುತ್ತು, ದೇವಸ್ಥಾನದ ಪ್ರಸಾದ ಮರೆತುಹೋಗುತ್ತವೆ. ನಿಜವಾಗಿ 1,800 ತಿಂದು 1,500 ಎಂದು ಬರೆಯುತ್ತೀರಿ, ತೂಕ ಇದ್ದಲ್ಲೇ ಇದೆ ಎನ್ನೋಣ. ಆಗ ನಿಮ್ಮ ಪುಸ್ತಕದ ಭಾಷೆಯಲ್ಲಿ ನಿಮ್ಮ ಖರ್ಚು 1,500. ಇಳಿಯಬೇಕೆಂದರೆ ಆ 1,500ರಿಂದ 200 ಕಳೆಯಿರಿ. ಮರೆಯುವುದು ಪ್ರತಿ ವಾರ ಒಂದೇ ಥರ ಇದ್ದರೆ ಲೆಕ್ಕ ಕೆಲಸ ಮಾಡುತ್ತದೆ. ಸೂತ್ರಕ್ಕೆ ಈ ಅನುಕೂಲ ಇಲ್ಲ. ಸೂತ್ರ 1,880 ಎಂದಿತು, ನಾನು 1,500 ಮಾತ್ರ ತಿನ್ನುತ್ತಿದ್ದೇನೆ, ಆದರೂ ಇಳಿಯುತ್ತಿಲ್ಲ, ಥೈರಾಯ್ಡ್ ಇರಬೇಕು ಎಂದು ಹೆದರುವವರು ಬಹಳ. ಥೈರಾಯ್ಡ್ ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಅದು ಬೇರೆ ವಿಷಯ. ಲೆಕ್ಕ ತಾಳೆಯಾಗದಿರುವುದಕ್ಕೆ ಮಾತ್ರ ಹೆಚ್ಚಿನ ಸಲ ಕಾರಣ ಬರೆಯದೆ ಬಿಟ್ಟ ಊಟ.

ಯಾರಿಗೆ ಯಾವುದು

ಇವತ್ತೇ ಒಂದು ಸಂಖ್ಯೆ ಬೇಕು ಎನ್ನುವವರು ಮಿಫ್ಲಿನ್ ಸೂತ್ರ ಹಾಕಿ, 24 ಗಂಟೆಯ ಪಟ್ಟಿ ಮಾಡಿ ಗುಣಿಸಿ. ಪಟ್ಟಿಗೂ ಸಮಯವಿಲ್ಲದಿದ್ದರೆ, ಕುರ್ಚಿ ಕೆಲಸದವರು 1.4, ಕೆಲಸದ ಜೊತೆ ಮನೆಯನ್ನೂ ನಿಭಾಯಿಸುವವರು 1.55 ಹಿಡಿಯಿರಿ. ಅಲ್ಲಿಂದ ತಿಂಗಳು ತೂಕ ನೋಡಿ ಸರಿಮಾಡಿಕೊಳ್ಳಿ. ನೂರಕ್ಕೆ ತೊಂಬತ್ತು ಜನರಿಗೆ ಇಷ್ಟು ಸಾಕು ಎಂಬುದು ನನ್ನ ನಂಬಿಕೆ.

ಭಾರ ಎತ್ತುವವರು, ಕಬಡ್ಡಿ, ಕುಸ್ತಿ ಆಡುವವರು ಡೆಕ್ಸಾ ಅಳತೆಯ ಜೊತೆ ಕ್ಯಾಚ್–ಮೆಕಾರ್ಡಲ್ ಬಳಸಿ. ತರಬೇತಿಯ ದಿನಕ್ಕೂ ವಿಶ್ರಾಂತಿಯ ದಿನಕ್ಕೂ ಬೇರೆ ಬೇರೆ 24 ಗಂಟೆಯ ಪಟ್ಟಿ ಮಾಡಿಕೊಳ್ಳಿ.

60 ದಾಟಿದವರಿಗೆ ತೂಕಕ್ಕಿಂತ ಸ್ನಾಯು ಉಳಿಸಿಕೊಳ್ಳುವುದು ಮುಖ್ಯ. ಕ್ಯಾಲೊರಿಯನ್ನು ಜೋರಾಗಿ ಕಡಿತ ಮಾಡಬೇಡಿ, ಬೇಳೆ, ಮೊಸರು, ಮೊಟ್ಟೆ ಕಡಿಮೆಯಾಗದಂತೆ ನೋಡಿಕೊಳ್ಳಿ. ಗರ್ಭಿಣಿಯರು, ಹಾಲೂಡಿಸುವವರು, ಬೆಳೆಯುವ ಮಕ್ಕಳು ಇಲ್ಲಿ ಕೊಟ್ಟ ಲೆಕ್ಕಗಳಿಗೆ ಬರುವುದೇ ಇಲ್ಲ. ಅವರಿಗೆ ಐಸಿಎಂಆರ್ ಪಟ್ಟಿಯೂ ವೈದ್ಯರ ಮಾತೂ ಇರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಔಷಧಿಯ ಪ್ರಮಾಣ ಬದಲಾಗಬೇಕೇ ಎಂದು ಕೇಳಲೇಬೇಕು, ಇಲ್ಲದಿದ್ದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು.

ತೂಕ ಇಳಿಯುತ್ತಾ ಹೋದಂತೆ ಹಳೆಯ ಸಂಖ್ಯೆ ಹಿಡಿದು ಕೂರಬೇಡಿ. ನಮ್ಮ ಹೆಂಗಸು 62ರಿಂದ 57 ಕಿಲೋಗೆ ಬಂದರೆ ಮಿಫ್ಲಿನ್ ಪ್ರಕಾರ ಬಿಎಂಆರ್ 50 ಇಳಿಯುತ್ತದೆ. 1.55ರಿಂದ ಗುಣಿಸಿದರೆ ದಿನದ ಖರ್ಚು ಸುಮಾರು 78 ಕಡಿಮೆ. ‘ದಿನಕ್ಕೆ 500 ಕಡಿತ ಮಾಡಿದರೆ ವರ್ಷಕ್ಕೆ 24 ಕಿಲೋ ಇಳಿಯುತ್ತೀರಿ’ ಎಂಬ ಜಾಹೀರಾತಿನ ಲೆಕ್ಕ ನಿಲ್ಲದಿರುವುದು ಇದರಿಂದಲೇ. ಮೈ ಹಗುರವಾದಂತೆ ಅದರ ಬೇಡಿಕೆಯೂ ಇಳಿಯುತ್ತದೆ. ಪ್ರತಿ ನಾಲ್ಕೈದು ಕಿಲೋಗೊಮ್ಮೆ ಹೊಸದಾಗಿ ಲೆಕ್ಕ ಹಾಕಿ. ಕೆಲಸ ಬದಲಾದರೂ, ವರ್ಕ್ ಫ್ರಮ್ ಹೋಮ್ ಶುರುವಾದರೂ, ಮೂರನೇ ಮಹಡಿಯ ಮನೆಯಿಂದ ನೆಲಮಹಡಿಗೆ ಬಂದರೂ 24 ಗಂಟೆಯ ಪಟ್ಟಿಯನ್ನು ಮತ್ತೆ ಬರೆಯಿರಿ.